‘ಎಲ್ಲರ’ ಎಂಬ ಒಂದು ಪದ: ಒಂದು ಊರಿನ ನೆನಪುಗಳನ್ನು ಕಲೆಹಾಕಿದ ಪ್ರಕರಣ

ಇಲ್ಲಿ ಬರುವ ಊರಿಗೆ ಹೆಸರಿಲ್ಲ. ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರ ಎಂದಷ್ಟೇ ಹೇಳುತ್ತೇನೆ. ವ್ಯಕ್ತಿಗಳನ್ನು ಅವರ ಕಸುಬು ಅಥವಾ ವಯಸ್ಸಿನಿಂದ ಮಾತ್ರ ಗುರುತಿಸಿದ್ದೇನೆ. ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಮಾತನಾಡಿದವರಲ್ಲಿ ಇಬ್ಬರು ಈಗ ನಮ್ಮೊಂದಿಗಿಲ್ಲ. ಅವರ ಮಾತುಗಳನ್ನು ಮನೆಯವರ ಒಪ್ಪಿಗೆ ಪಡೆದು ಇಲ್ಲಿ ತಂದಿದ್ದೇನೆ. ಈ ಕೆಲಸದಲ್ಲಿ ನಾನು ಮೊದಲ ದಿನದಿಂದ ಇದ್ದೆ. ಇಲ್ಲಿ ಹೇಳುವ ತಪ್ಪುಗಳಲ್ಲಿ ಕೆಲವು ನನ್ನವೇ. ಬೇರೆ ಊರಿನವರು ಇಂಥ ಕೆಲಸಕ್ಕೆ ಕೈಹಾಕಿದಾಗ ಅದೇ ತಪ್ಪುಗಳನ್ನು ಮತ್ತೆ ಮಾಡದಿರಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಹಿನ್ನೆಲೆ

ಊರು ಪಾಳೇಗಾರರ ಕಾಲದ್ದು. ಕೋಟೆ ಇತ್ತು ಎನ್ನುವುದಕ್ಕೆ ಈಗ ಒಂದು ಬುರುಜು ಮತ್ತು ಅರ್ಧ ಕುಸಿದ ದಿಡ್ಡಿ ಬಾಗಿಲು ಸಾಕ್ಷಿ. ಮಿಕ್ಕ ಕಲ್ಲುಗಳೆಲ್ಲ ಮನೆಗಳ ತಳಪಾಯ ಸೇರಿವೆ. ಕೋಟೆಯ ಹೊರಗೆ ಪೇಟೆ, ಪೇಟೆಯ ತುದಿಗೆ ಕಲ್ಯಾಣಿ, ಕಲ್ಯಾಣಿಯ ಆಚೆ ಸಂತೆ ಮೈದಾನ. ಪೇಟೆ ಬೀದಿಯ ಎರಡೂ ಬದಿ ಮಣ್ಣಿನ ಮಾಳಿಗೆ ಮನೆಗಳು: ಮುಂದೆ ಜಗಲಿ, ಒಳಗೆ ಮರದ ಕಂಬಗಳ ಪಡಸಾಲೆ, ಮಾಳಿಗೆಯಲ್ಲಿ ಬೆಳಕಿಗೊಂದು ಗವಾಕ್ಷಿ. ಮಳೆಗಾಲ ಬರುವ ಮೊದಲು ಗಾಡಿಗಳಲ್ಲಿ ಕರಲು ಮಣ್ಣು ತಂದು ಮಾಳಿಗೆಗೆ ಹೊದಿಸುವುದು ಇಡೀ ಬೀದಿಯ ಕೆಲಸವಾಗಿತ್ತು. ಅಂಥ ಮನೆಗಳು ನಾನು ಶಾಲೆಗೆ ಹೋಗುವಾಗ ಸಾಲಾಗಿ ಇದ್ದವು. ನಾವು ಕೆಲಸ ಆರಂಭಿಸುವ ಹೊತ್ತಿಗೆ ಎಣಿಸುವಷ್ಟೇ ಉಳಿದಿದ್ದವು.

ಕಾನೂನಿನ ಕಣ್ಣಿಗೆ ಇದ್ಯಾವುದೂ ಪರಂಪರೆಯಲ್ಲ. ಕೇಂದ್ರದ 1958ರ ಕಾಯ್ದೆಯಡಿ ಸಂರಕ್ಷಿತವಾದ ಸ್ಮಾರಕವಿದ್ದರೆ, 2010ರ ತಿದ್ದುಪಡಿಯಂತೆ ಅದರ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು ರಕ್ಷಣೆ ಸಿಗುತ್ತದೆ. ರಾಜ್ಯಕ್ಕೂ 1961ರ ತನ್ನದೇ ಕಾಯ್ದೆ ಇದೆ. ನಮ್ಮ ಬುರುಜು, ಕಲ್ಯಾಣಿ, ಪೇಟೆ ಬೀದಿ ಎರಡೂ ಪಟ್ಟಿಗಳಲ್ಲಿ ಇರಲಿಲ್ಲ. ಕರ್ನಾಟಕದ ಬಹುಪಾಲು ಸಣ್ಣ ಊರುಗಳ ಹಳೆಯ ಕಟ್ಟಡಗಳ ಸ್ಥಿತಿ ಇದೇ. ಅಂಥವನ್ನು ಕಾಯುವುದು ಕಾನೂನಲ್ಲ, ‘ಇದು ನಮ್ಮದು’ ಎಂದು ಊರಿನವರು ಅಂದುಕೊಳ್ಳುವ ಭಾವ ಮಾತ್ರ. ಆ ಭಾವ ಸಡಿಲವಾದ ದಿನ ಕಲ್ಲು ಕೂಡ ಸಡಿಲವಾಗುತ್ತದೆ.

ಎರಡು ಸುದ್ದಿಗಳು ಒಂದೇ ಬೇಸಿಗೆಯಲ್ಲಿ ಬಂದವು. ಪೇಟೆ ಬೀದಿ ಅಗಲವಾಗಲಿದೆ ಎಂಬುದು ಒಂದು. ಕಸ ತುಂಬಿ ಹಾಳುಬಿದ್ದಿರುವ ಕಲ್ಯಾಣಿಯನ್ನು ಮುಚ್ಚಿ ಅಲ್ಲಿ ವಾಣಿಜ್ಯ ಮಳಿಗೆಗಳನ್ನು ಕಟ್ಟುವ ಪ್ರಸ್ತಾವ ಇದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗುರುತು ಹಾಕುವ ಕೆಲಸ ಆಗಲೇ ಶುರುವಾಗಿತ್ತು; ಮನೆಗಳ ಗೋಡೆಯ ಮೇಲೆ ಕೆಂಪು ಬಣ್ಣದ ಅಡ್ಡಗೆರೆಗಳು ಬಂದಿದ್ದವು. ಹಳೆಯ ಬಾಗಿಲುವಾಡಗಳನ್ನು ಕೊಳ್ಳುವವರು ನಗರದಿಂದ ವ್ಯಾನಿನಲ್ಲಿ ಬರತೊಡಗಿದರು.

ಒಬ್ಬ ನಿವೃತ್ತ ಮೇಷ್ಟ್ರು, ಗ್ರಂಥಾಲಯದ ಸಹಾಯಕಿ, ಎರಡು ತಲೆಮಾರಿನಿಂದ ಫೋಟೊ ಸ್ಟುಡಿಯೊ ನಡೆಸುತ್ತಿದ್ದ ಒಬ್ಬರು, ಪದವಿ ಕಾಲೇಜಿನ ನಾಲ್ವರು ಹುಡುಗಿಯರು ಮತ್ತು ನಾನು: ಇಷ್ಟು ಜನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರಿದೆವು. ಬೀದಿಯನ್ನು ಉಳಿಸಲು ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಬೀದಿಯ ನೆನಪನ್ನಾದರೂ ಉಳಿಸೋಣ, ಆ ನೆನಪಿನ ಬಲದಿಂದ ಕಲ್ಯಾಣಿಯನ್ನು ಉಳಿಸೋಣ ಎಂಬುದು ನಮ್ಮ ಲೆಕ್ಕ.

ಮೊದಲ ಎರಡು ಪ್ರಯತ್ನಗಳು

ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಒಂದು ವಾಟ್ಸ್ಆ್ಯಪ್ ಗುಂಪು ತೆರೆದು, ಹಳೆಯ ಫೋಟೊಗಳನ್ನು ಹಾಕಿ ಎಂದು ಕೇಳಿಕೊಂಡೆವು. ಒಂದು ವಾರದಲ್ಲಿ ಗುಂಪು ತುಂಬಿತು. ಬೆಂಗಳೂರು, ಪುಣೆ, ದುಬೈಗಳಲ್ಲಿದ್ದ ಊರಿನ ಮಕ್ಕಳು ಸೇರಿದರು. ಶಾಲೆಯ ಗುಂಪು ಚಿತ್ರಗಳು, ಮದುವೆಗಳು, ತೇರಿನ ದಿನದ ಜನಜಂಗುಳಿ, ಮೀಟರ್ ಗೇಜ್ ಕಾಲದ ರೈಲು ನಿಲ್ದಾಣ. ಕಣ್ಣು ತುಂಬಿ ಬಂದ ದಿನಗಳವು.

ಆದರೆ ಆರು ತಿಂಗಳಾದ ಮೇಲೆ ಅವನ್ನು ಒಟ್ಟು ಮಾಡಲು ಕುಳಿತಾಗ ಕೈಗೆ ಸಿಕ್ಕದ್ದು ಬಹಳ ಕಡಿಮೆ. ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದ ಫೋಟೊ ಕುಗ್ಗುತ್ತದೆ, ಅದರೊಳಗೆ ಅಡಗಿರುವ ದಿನಾಂಕದಂಥ ಮಾಹಿತಿ ಅಳಿಸಿಹೋಗುತ್ತದೆ ಎಂಬುದು ನಮಗೆ ತಡವಾಗಿ ತಿಳಿಯಿತು. ಅದನ್ನೇ ಡಾಕ್ಯುಮೆಂಟ್ ಆಗಿ ಕಳುಹಿಸಿದ್ದರೆ ಮೂಲ ಹಾಗೆಯೇ ಉಳಿಯುತ್ತಿತ್ತು. ಯಾವ ಫೋಟೊ ಯಾರ ಮನೆಯದು ಎಂಬುದು ನೂರಾರು ‘ಶುಭೋದಯ’ಗಳ ನಡುವೆ ಕಳೆದುಹೋಗಿತ್ತು. ಚಿತ್ರದುರ್ಗದ ಕೋಟೆಯ ಹಳೆಯ ಚಿತ್ರವೊಂದು ‘ನಮ್ಮೂರ ಕೋಟೆ, 1920’ ಎಂಬ ಶೀರ್ಷಿಕೆಯೊಂದಿಗೆ ಗುಂಪಿನಲ್ಲಿ ಐದು ಸಲ ಸುತ್ತಿತ್ತು. ತಪ್ಪೆಂದು ಹೇಳಿದವರ ಮೇಲೆಯೇ ಕೆಲವರು ಮುನಿಸಿಕೊಂಡರು. ಆ ಹೊತ್ತಿಗೆ ಮೂಲ ಫೋಟೊಗಳಲ್ಲಿ ಕೆಲವು ಮನೆ ಖಾಲಿ ಮಾಡುವಾಗ ಗುಜರಿಗೆ ಹೋಗಿದ್ದವು. ಅದು ನಮ್ಮ ಮೊದಲ ನಿಜವಾದ ನಷ್ಟ. ಇಂದಿಗೂ ನನ್ನನ್ನು ಚುಚ್ಚುತ್ತದೆ.

ಎರಡನೆಯದಾಗಿ ಪ್ರಶ್ನಾವಳಿ ಹಿಡಿದು ಹಿರಿಯರ ಮನೆಗಳಿಗೆ ಹೋದೆವು. ‘ಹಿಂದೆ ಊರು ಹೇಗಿತ್ತು?’ ಎಂದು ಕೇಳಿದರೆ ಎಲ್ಲ ಮನೆಯಲ್ಲೂ ಒಂದೇ ಉತ್ತರ: ಮಳೆ ಬೆಳೆ ಚೆನ್ನಾಗಿತ್ತು, ಜನ ಒಳ್ಳೆಯವರಿದ್ದರು, ಜಾತಿ ಭೇದ ಇರಲಿಲ್ಲ, ಎಲ್ಲರೂ ಅಣ್ಣ ತಮ್ಮಂದಿರಂತೆ ಇದ್ದೆವು. ಹೇಳಿದವರು ಸುಳ್ಳು ಹೇಳುತ್ತಿರಲಿಲ್ಲ. ಅಷ್ಟು ಅಗಲವಾದ ಪ್ರಶ್ನೆಗೆ ಬರುವ ಉತ್ತರವೇ ಅದು. ದಾಖಲೆಯ ಯಂತ್ರ ಮುಂದಿಟ್ಟೊಡನೆ ಜನ ಭಾಷಣದ ಭಾಷೆಗೆ ಹೊರಳುತ್ತಾರೆ ಎಂಬುದನ್ನೂ ಆಗಲೇ ಕಂಡದ್ದು.

ನೆಲದ ಮೇಲಿನ ನಕ್ಷೆ

ದಾರಿ ತೋರಿಸಿದವಳು ಕಾಲೇಜಿನ ಹುಡುಗಿಯರಲ್ಲಿ ಒಬ್ಬಳು. ಅವಳ ಅಜ್ಜ ಮಾತಿನಲ್ಲಿ ಏನೂ ಹೇಳುತ್ತಿರಲಿಲ್ಲವಂತೆ. ಆದರೆ ಬೀದಿಯಲ್ಲಿ ಜೊತೆಗೆ ನಡೆದರೆ ಹೆಜ್ಜೆಗೊಂದು ಕಥೆ ಹೇಳುತ್ತಿದ್ದರಂತೆ. ‘ಅವರನ್ನು ನಡೆಸಬೇಕು, ಕೂರಿಸಬಾರದು’ ಎಂದಳು. ಬೀದಿ ಒಡೆಯಲು ಆರಂಭಿಸಿದ್ದರಿಂದ ನಡೆಸಲು ಬೀದಿಯೇ ಇರಲಿಲ್ಲ. ಹಾಗಾಗಿ ಶಾಲೆಯ ಸಭಾಂಗಣದ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಹಳೆಯ ಊರನ್ನು ಬರೆದೆವು. ಭೂಮಾಪನ ಕಚೇರಿಯಿಂದ ಪಡೆದ ಹಳೆಯ ಗ್ರಾಮ ನಕಾಶೆಯ ಪ್ರತಿಯನ್ನು ನೋಡಿ ಬೀದಿಗಳ ತಿರುವುಗಳನ್ನು ಹಾಕಿದೆವು. ಮಿಕ್ಕದ್ದನ್ನು ಖಾಲಿ ಬಿಟ್ಟು, ಒಂದು ಭಾನುವಾರ ಹಿರಿಯರನ್ನು ಕರೆದೆವು. ‘ನಿಮ್ಮ ಮನೆ ಇದ್ದ ಜಾಗದಲ್ಲಿ ಹೋಗಿ ನಿಂತುಕೊಳ್ಳಿ’ ಎಂದೆವು. ಅಷ್ಟೇ.

ಆ ಮಧ್ಯಾಹ್ನವನ್ನು ಹೇಗೆ ಬಣ್ಣಿಸಲಿ! ಎಂಬತ್ತು ದಾಟಿದ ಒಬ್ಬರು ಕೋಲೂರಿಕೊಂಡು ಗಾಣಿಗರ ಬೀದಿಯ ಮೂಲೆಗೆ ಹೋಗಿ ನಿಂತರು. ಪಕ್ಕದಲ್ಲಿ ನಿಂತ ಇನ್ನೊಬ್ಬರನ್ನು ನೋಡಿ, ‘ಏ, ಅಲ್ಲಿ ನಿಲ್ಲಬೇಡ, ಅದು ಹಗೇವಿನ ಬಾಯಿ’ ಎಂದು ಕೂಗಿದರು. ಇಬ್ಬರೂ ನಕ್ಕರು, ಆಮೇಲೆ ಹಗೇವಿನ ಮಾತು ಹೊರಟಿತು. ನೆಲದಡಿಯ ಆ ಕಣಜಗಳಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬಾಯಿ ತೆರೆದಾಗ ಗಾಳಿ ಆಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಒಮ್ಮೆ ಅವಸರಪಟ್ಟ ಒಬ್ಬ ಆಳು ಮೇಲೆ ಬರಲೇ ಇಲ್ಲ. ಪ್ರಶ್ನಾವಳಿಯಲ್ಲಿ ‘ಮಳೆ ಬೆಳೆ ಚೆನ್ನಾಗಿತ್ತು’ ಎಂದಷ್ಟೇ ಬರೆಸಿದ್ದವರು ಇದೇ ಅಜ್ಜ.

ಗಂಡಸರು ಅಂಗಡಿಗಳನ್ನು, ಕಟ್ಟೆಗಳನ್ನು, ಟೂರಿಂಗ್ ಟಾಕೀಸಿನ ಡೇರೆಯ ಜಾಗವನ್ನು ತುಂಬಿದರು. ಹೆಂಗಸರು ಬೇರೆಯದೇ ಊರನ್ನು ಬರೆದರು. ಸೊಸೆಯಾಗಿ ಬಂದವರಿಗೆ ಪೇಟೆ ಬೀದಿ ಅಷ್ಟಾಗಿ ಗೊತ್ತಿರಲಿಲ್ಲ. ಹಿತ್ತಿಲಿನಿಂದ ಹಿತ್ತಿಲಿಗೆ ಹೋಗುವ ಓಣಿಗಳು, ಯಾವ ಬಾವಿಯ ನೀರಿನಲ್ಲಿ ಬೇಳೆ ಬೇಯುತ್ತದೆ, ಯಾವುದರಲ್ಲಿ ಬೇಯುವುದಿಲ್ಲ, ಸೂಲಗಿತ್ತಿಯ ಮನೆಯ ಹಿಂಬಾಗಿಲು, ಇವೆಲ್ಲ ಅವರ ಪಾಲಿಗೆ ಊರು. ಸರ್ಕಾರಿ ನಕಾಶೆಯಲ್ಲಿ ಇಲ್ಲದ ಒಂದು ಜಾಲವೇ ರಂಗೋಲಿಯಲ್ಲಿ ಮೂಡಿತು. ಪೆಟ್ರೊಮ್ಯಾಕ್ಸ್ ಬಾಡಿಗೆಗೆ ಕೊಡುತ್ತಿದ್ದ ಮನೆಯ ಮಗ, ಈಗ ಅರವತ್ತು ದಾಟಿದವರು, ತೇರು ಸಾಗುತ್ತಿದ್ದ ದಾರಿಯನ್ನೂ ಬಾಬಯ್ಯನ ಹಬ್ಬದ (ಮೊಹರಂ) ಮೆರವಣಿಗೆಯ ದಾರಿಯನ್ನೂ ಒಂದೇ ಉಸಿರಿಗೆ ಎಳೆದು ತೋರಿಸಿದರು. ಎರಡಕ್ಕೂ ದೀಪ ಹೊತ್ತು ನಡೆದದ್ದು ಅವರ ತಂದೆ.

ಕಾಲ ಗುರುತಿಸುವುದಕ್ಕೂ ಒಂದು ಉಪಾಯ ಸಿಕ್ಕಿತು. ಯಾರಿಗೂ ಇಸವಿ ನೆನಪಿರುವುದಿಲ್ಲ, ಘಟನೆ ನೆನಪಿರುತ್ತದೆ. ಹೀಗಾಗಿ ನಾವು ಒಂದು ಪಟ್ಟಿ ಮಾಡಿಕೊಂಡೆವು: ಗಾಂಧೀಜಿ ತೀರಿಕೊಂಡದ್ದು, ಕನ್ನಡ ನಾಡು ಒಂದಾದದ್ದು, ಆಣೆ ಹೋಗಿ ನಯಾ ಪೈಸೆ ಬಂದದ್ದು (1957ರ ಏಪ್ರಿಲ್ 1), ತುರ್ತು ಪರಿಸ್ಥಿತಿ, ಹಗಲಿನಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡು ಕುಳಿತ 1980ರ ಫೆಬ್ರವರಿ 16ರ ಸೂರ್ಯಗ್ರಹಣ, ಇಂದಿರಾ ಗಾಂಧಿಯವರ ಹತ್ಯೆ. ‘ಅದಕ್ಕಿಂತ ಮುಂಚೆಯೋ, ಆಮೇಲೆಯೋ’ ಎಂದು ಕೇಳಿದರೆ ಸಾಕು, ನೆನಪು ತನ್ನ ಜಾಗದಲ್ಲಿ ಹೋಗಿ ಕೂರುತ್ತದೆ. ಈ ಪಟ್ಟಿ ಮುಂದೆ ಎಷ್ಟು ಮುಖ್ಯವಾಗಲಿದೆ ಎಂಬುದು ಆಗ ನಮಗೆ ತಿಳಿದಿರಲಿಲ್ಲ.

ತಿರುವು

ಮೂರನೆಯ ಭಾನುವಾರ ದಲಿತ ಕೇರಿಯಿಂದ ಕೆಲವರು ಬಂದರು. ಮೊದಲೆರಡು ವಾರ ಅವರನ್ನು ಕರೆದಿರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಯಾರಿಗೂ ಹೊಳೆಯಲಿಲ್ಲ. ಹೊಳೆಯದಿದ್ದುದೇ ದೊಡ್ಡ ವಿಷಯ ಎಂದು ನನಗೆ ಈಗ ಅನ್ನಿಸುತ್ತದೆ. ನಮ್ಮ ರಂಗೋಲಿಯ ಊರಿನಲ್ಲಿ ಕೇರಿ ಇರುವ ಕಡೆಗೆ ಗೆರೆಯೇ ಇರಲಿಲ್ಲ. ಪುಡಿ ಸಂತೆ ಮೈದಾನಕ್ಕೆ ಮುಗಿದಿತ್ತು.

ಎಪ್ಪತ್ತೈದು ದಾಟಿದ ಒಬ್ಬ ಅಜ್ಜಿ ಮೊಮ್ಮಗಳ ಕೈಹಿಡಿದು ನಕ್ಷೆಯ ಅಂಚಿನಲ್ಲಿ ಬಂದು ನಿಂತರು. ಕಲ್ಯಾಣಿಯ ಚೌಕದ ಹತ್ತಿರ ಆಗಲೇ ಹತ್ತಾರು ಜನ ಸೇರಿ, ಈಜು ಕಲಿತದ್ದು, ಗೌರಿ ಹಬ್ಬಕ್ಕೆ ಗಂಗೆ ತಂದದ್ದು ಎಂದು ಉತ್ಸಾಹದಿಂದ ಮಾತನಾಡುತ್ತಿದ್ದರು. ಗ್ರಂಥಾಲಯದ ಸಹಾಯಕಿ, ‘ಬನ್ನಿ ಅಜ್ಜಿ, ಕಲ್ಯಾಣಿ ಹತ್ತಿರ ಬನ್ನಿ’ ಎಂದು ಕರೆದರು. ಅಜ್ಜಿ ಕದಲಲಿಲ್ಲ. ‘ನಾವು ಅಲ್ಲಿ ಇಳಿಯುತ್ತಿರಲಿಲ್ಲ ಕಣಮ್ಮ’ ಎಂದರು. ಸ್ವಲ್ಪ ಹೊತ್ತಾದ ಮೇಲೆ ರಂಗೋಲಿಯ ಹೊರಗೆ ಒಂದು ಜಾಗವನ್ನು ಕಾಲಿನಿಂದ ತೋರಿಸಿದರು. ‘ಇಲ್ಲೊಂದು ಚಪ್ಪಡಿ ಕಲ್ಲಿತ್ತು. ಸಿಂಬೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಕೊಡ ಕೆಳಗಿಟ್ಟು ನಿಲ್ಲುತ್ತಿದ್ದೆವು. ಯಾರಿಗಾದರೂ ಮನಸ್ಸು ಬಂದರೆ ಮೇಲಿನಿಂದ ಹೊಯ್ಯುತ್ತಿದ್ದರು. ಬೆಳಿಗ್ಗೆ ಹೋದರೆ ಒಮ್ಮೊಮ್ಮೆ ಬಿಸಿಲೇರುತ್ತಿತ್ತು.’

ಸಭಾಂಗಣ ಸ್ತಬ್ಧವಾಯಿತು. ಹಿರಿಯರೊಬ್ಬರು ಮೆಲ್ಲಗೆ, ಅದೆಲ್ಲ ಬಹಳ ಹಳೆಯ ಮಾತು, ಸ್ವಾತಂತ್ರ್ಯ ಬರುವ ಮುಂಚಿನದಿರಬೇಕು ಎಂದರು. ನಮ್ಮ ಹುಡುಗಿಯೊಬ್ಬಳು ಪಟ್ಟಿ ತೆಗೆದು ಅಜ್ಜಿಯನ್ನು ಕೇಳಿದಳು: ಆಣೆ ಇತ್ತೋ, ನಯಾ ಪೈಸೆ ಬಂದಿತ್ತೋ? ಅಜ್ಜಿ ತಡೆಯದೆ ಹೇಳಿದರು: ‘ನಯಾ ಪೈಸೆ. ನೀರಿಗೆ ಕಾಯುವಾಗ ನನ್ನ ಕೈಯಲ್ಲಿದ್ದ ಹೊಸ ಪೈಸೆ ಬಿದ್ದು ಮೆಟ್ಟಿಲ ಮೇಲೆ ಉರುಳಿಹೋಯಿತು. ಇಳಿದು ತೆಗೆದುಕೊಳ್ಳಲು ಆಗಲಿಲ್ಲ. ಮನೆಯಲ್ಲಿ ಏಟು ತಿಂದೆ.’

ಅಸ್ಪೃಶ್ಯತೆಯ ಆಚರಣೆ ಅಪರಾಧ ಎಂಬ ಕಾಯ್ದೆ ಬಂದದ್ದು 1955ರಲ್ಲಿ. ದಲಿತರನ್ನು ದೂರವಿಟ್ಟಿದ್ದ, ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಅವರು ಸಾವಿರಾರು ಜನರೊಂದಿಗೆ ಮುಟ್ಟಿದ್ದು 1927ರ ಮಾರ್ಚ್ 20ರಂದು. ಆ ಘಟನೆಯಾಗಿ ಮೂವತ್ತು ವರ್ಷ ಕಳೆದ ಮೇಲೂ, ಕಾನೂನು ಬಂದ ಮೇಲೂ, ನಾವು ‘ಊರಿನ ಹೆಮ್ಮೆ’ ಎಂದು ಮೂರು ವಾರದಿಂದ ಕೊಂಡಾಡುತ್ತಿದ್ದ ಕಲ್ಯಾಣಿಯ ದಂಡೆಯಲ್ಲಿ ಒಂದು ಮಗು ತನ್ನ ಪೈಸೆಯನ್ನು ನೋಡುತ್ತ ನಿಂತಿತ್ತು.

ಅಂದು ಸಂಜೆ ನಮ್ಮ ನಡುವೆ ನಡೆದ ಜಗಳವೇ ಈ ಪ್ರಕರಣದ ಕೇಂದ್ರ. ಮೇಷ್ಟ್ರ ವಾದ ನೇರವಾಗಿತ್ತು: ಕಲ್ಯಾಣಿ ಉಳಿಯಬೇಕಾದರೆ ಊರು ಒಂದಾಗಿ ನಿಲ್ಲಬೇಕು, ಈ ಮಾತನ್ನು ಪ್ರದರ್ಶನದಲ್ಲಿ ಹಾಕಿದರೆ ಊರು ಎರಡಾಗುತ್ತದೆ, ಮೊದಲು ಕಲ್ಯಾಣಿ ಉಳಿಯಲಿ, ಆಮೇಲೆ ಎಲ್ಲವನ್ನೂ ಬರೆಯೋಣ. ನಾನು ಅವರ ಪರವಾಗಿ ಮಾತನಾಡಿದೆ. ಇದನ್ನು ಮರೆಮಾಚುವುದಿಲ್ಲ. ಅಜ್ಜಿಯ ಧ್ವನಿಮುದ್ರಣವನ್ನು ತೆಗೆದಿಟ್ಟುಕೊಳ್ಳೋಣ, ಈಗ ಬಳಸುವುದು ಬೇಡ ಎಂದವನು ನಾನೇ. ಗ್ರಂಥಾಲಯದ ಸಹಾಯಕಿ ಒಂದೇ ಮಾತು ಕೇಳಿದರು: ‘ಆ ಅಜ್ಜಿ ಹೇಳಿದ್ದನ್ನು ಬಿಟ್ಟರೆ, ಇಳಿದವರ ನೆನಪು ಮಾತ್ರ ಊರಿನ ನೆನಪು ಎಂದಾಗುತ್ತದಲ್ಲವೇ?’ ನಮ್ಮಲ್ಲಿ ಉತ್ತರ ಇರಲಿಲ್ಲ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಇದು ನಾವು ಕೋಣೆಯೊಳಗೆ ಕುಳಿತು ನಿರ್ಧರಿಸುವ ವಿಷಯವಲ್ಲ. ಕೇರಿಗೆ ಹೋಗಿ ಅವರನ್ನೇ ಕೇಳಬೇಕು.

ಕೇರಿಯಲ್ಲಿ ಎರಡು ಬಗೆಯ ಮಾತು ಬಂತು. ಒಬ್ಬ ಮಹಿಳೆ, ‘ಮುಚ್ಚಲಿ ಬಿಡಿ. ಆ ಗುಂಡಿ ಇದ್ದರೆಷ್ಟು, ಹೋದರೆಷ್ಟು? ಅಂಗಡಿಯಾದರೆ ನಮ್ಮ ಹುಡುಗರಿಗೂ ಒಂದು ಮಳಿಗೆ ಸಿಕ್ಕೀತು’ ಎಂದರು. ಆ ಮಾತಿನಲ್ಲಿ ನ್ಯಾಯವಿತ್ತು. ಇಂದಿಗೂ ಅದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಅಜ್ಜಿಯ ಮೊಮ್ಮಗ ಸರಕು ವಾಹನ ಓಡಿಸುತ್ತಾರೆ. ಅವರು ಬೇರೆಯದನ್ನೇ ಹೇಳಿದರು: ‘ಮುಚ್ಚಿದರೆ ನಮ್ಮಜ್ಜಿ ನಿಂತ ಜಾಗವೂ ಮುಚ್ಚಿಹೋಗುತ್ತದೆ ಸಾರ್. ನಾಳೆ ಯಾರಿಗಾದರೂ ಹೇಳಿದರೆ, ಎಲ್ಲಿ ತೋರಿಸು ಎನ್ನುತ್ತಾರೆ. ತೋರಿಸಲು ಜಾಗ ಬೇಕು.’ ಅಜ್ಜಿ ಮಾತ್ರ, ತಾನು ಹೇಳಿದ್ದನ್ನು ಹೇಳಿದ ಹಾಗೆಯೇ ಹಾಕುವುದಾದರೆ ಹಾಕಿ, ಸಿಹಿ ಮಾಡಿ ಹಾಕುವುದಾದರೆ ಬೇಡ ಎಂದರು.

ನೆನಪು ಮತ್ತು ದಾಖಲೆ

ಅಲ್ಲಿಂದ ಮುಂದೆ ಕೆಲಸದ ರೀತಿಯೇ ಬದಲಾಯಿತು. ಪ್ರತಿ ನೆನಪಿನ ಜೊತೆ ಯಾರು, ಎಲ್ಲಿ ನಿಂತು, ಯಾವ ವಯಸ್ಸಿನಲ್ಲಿ ಕಂಡದ್ದು ಎಂಬುದನ್ನು ಬರೆಯತೊಡಗಿದೆವು. ಸ್ವತಃ ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಇಟ್ಟೆವು. ಕಲ್ಯಾಣಿಯನ್ನು ಪಾಳೇಗಾರ ತನ್ನ ರಾಣಿಗಾಗಿ ಕಟ್ಟಿಸಿದ ಎಂಬ ಕಥೆ ಊರಲ್ಲಿ ಎಲ್ಲರ ಬಾಯಲ್ಲಿದೆ. ಬಿ. ಎಲ್. ರೈಸ್ ಅವರು 1886ರಿಂದ 1905ರ ನಡುವೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಮ್ಮ ಭಾಗದ ಶಾಸನಗಳನ್ನೆಲ್ಲ ಮೇಷ್ಟ್ರು ಹುಡುಕಿದರು. ಕಲ್ಯಾಣಿಯ ಪ್ರಸ್ತಾಪ ಎಲ್ಲೂ ಸಿಗಲಿಲ್ಲ. ಹಾಗೆಂದು ಕಥೆಯನ್ನು ಬಿಸಾಡಲಿಲ್ಲ. ‘ಹೀಗೆ ಹೇಳುತ್ತಾರೆ’ ಎಂಬ ಗುರುತಿನೊಂದಿಗೆ ಉಳಿಸಿಕೊಂಡೆವು. ಊರ ಬಾಗಿಲಲ್ಲಿ ಎಣ್ಣೆ ಹಚ್ಚಿ ಪೂಜಿಸುವ ಕಪ್ಪು ಕಲ್ಲು ನಿಜಕ್ಕೂ ಒಂದು ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಶಿವಲಿಂಗ ಇವೆ ಎಂದು ತಿಳಿದಾಗಲೂ, ಪೂಜಿಸುವವರ ಕಥೆಯನ್ನು ತಿದ್ದಲು ಹೋಗಲಿಲ್ಲ. ಎರಡನ್ನೂ ಅಕ್ಕಪಕ್ಕ ಬರೆದೆವು.

ಕಲ್ಯಾಣಿಯ ವಿಷಯದಲ್ಲಿ ನೆನಪು ಮತ್ತು ದಾಖಲೆ ಒಂದಕ್ಕೊಂದು ಕೈಹಿಡಿದದ್ದು ಹೀಗೆ. ಕಲ್ಯಾಣಿಗೆ ಸೇರಿದ ಜಾಗ ಮೆಟ್ಟಿಲಿಗೆ ಮುಗಿಯುತ್ತಿರಲಿಲ್ಲ, ಸುತ್ತ ಗಾಡಿ ತಿರುಗುವಷ್ಟು ಬಯಲಿತ್ತು ಎಂದು ಹಿರಿಯರು ಪದೇ ಪದೇ ಹೇಳುತ್ತಿದ್ದರು. ಅದರ ಜಾಡು ಹಿಡಿದು ಸರ್ವೆ ದಾಖಲೆಗಳನ್ನು ತೆಗೆಸಿದಾಗ, ಮೆಟ್ಟಿಲ ಆಚೆಯ ನೆಲವೂ ಸೇರಿದಂತೆ ಆ ಭಾಗ ‘ಬ’ ಖರಾಬು ಎಂದು ದಾಖಲಾಗಿರುವುದು ಗೊತ್ತಾಯಿತು. ಖರಾಬಿನಲ್ಲಿ ‘ಅ’ ಎಂದರೆ ಸಾಗುವಳಿಗೆ ಯೋಗ್ಯವಲ್ಲದ ನೆಲ, ‘ಬ’ ಎಂದರೆ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ನೆಲ. ಊರಿನ ಒಬ್ಬ ವಕೀಲರು ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ನಮ್ಮ ಮುಂದಿಟ್ಟರು. ಕೆರೆ ಕುಂಟೆಗಳು ಸಮುದಾಯದ ಸಂಪತ್ತು, ಅವನ್ನು ಕಾಪಾಡಬೇಕು ಎಂದ 2001ರ ಹಿಂಚ್ ಲಾಲ್ ತಿವಾರಿ ಪ್ರಕರಣ ಒಂದು. ಹಳ್ಳಿಯ ಕೆರೆಗಳ ಒತ್ತುವರಿಯನ್ನು ಕಟುವಾಗಿ ಟೀಕಿಸಿದ 2011ರ ಜಗಪಾಲ್ ಸಿಂಗ್ ಪ್ರಕರಣ ಇನ್ನೊಂದು. ಮನವಿಯಲ್ಲಿ ಈ ಮೂರನ್ನೂ ಸೇರಿಸಿದೆವು. ಜೊತೆಗೆ ಹಿರಿಯರ ಹೇಳಿಕೆಗಳನ್ನು ಲಗತ್ತಿಸಿದೆವು. ಅಜ್ಜಿಯ ಹೇಳಿಕೆ ಮೊದಲ ಪುಟದಲ್ಲಿತ್ತು.

ಸಂತೆಯ ದಿನ

ಪ್ರದರ್ಶನವನ್ನು ರಾಜ್ಯೋತ್ಸವದ ವೇದಿಕೆಯ ಬದಲು ಸಂತೆಯ ದಿನ ಮೈದಾನದಲ್ಲೇ ಇಟ್ಟೆವು. ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಫೋಟೊಗಳನ್ನು ತೂಗುಹಾಕಿದೆವು. ಪ್ರತಿ ಫೋಟೊದ ಕೆಳಗೆ ಖಾಲಿ ಚೀಟಿ, ಪಕ್ಕದಲ್ಲಿ ಪೆನ್ಸಿಲ್. ತರಕಾರಿ ಚೀಲ ಹಿಡಿದವರು ನಿಂತು ನೋಡಿ ಬರೆದರು: ‘ಇವರು ನಮ್ಮ ದೊಡ್ಡಪ್ಪ’, ‘ಈ ಮರ ಗಾಳಿಗೆ ಬಿತ್ತು’, ‘ಎಡಗಡೆಯವಳು ನಾನು’. ಆರು ತಿಂಗಳ ವಾಟ್ಸ್ಆ್ಯಪ್ ಕೊಡದ ಹೆಸರುಗಳನ್ನು ಒಂದು ಮಧ್ಯಾಹ್ನ ಕೊಟ್ಟಿತು.

ಒಂದು ಎಡವಟ್ಟೂ ಆಯಿತು. ಕಂಪನಿ ನಾಟಕವೊಂದು ಊರಲ್ಲಿ ಕ್ಯಾಂಪ್ ಮಾಡಿದ್ದಾಗ ತೆಗೆದ ಒಂದು ಚಿತ್ರದಲ್ಲಿ, ಬಣ್ಣ ಹಚ್ಚಿಕೊಂಡು ನಿಂತ ಒಬ್ಬ ಯುವತಿ ಇದ್ದಳು. ಸ್ಟುಡಿಯೊದವರ ಹಳೆಯ ನೆಗೆಟಿವ್‌ಗಳಿಂದ ಅದನ್ನು ಮುದ್ರಿಸಿದ್ದೆವು. ಸಂಜೆ ಒಬ್ಬರು ಬಂದು, ಅದು ತಮ್ಮ ತಾಯಿ, ಆ ಕಾಲದ ಮಾತು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ದಯವಿಟ್ಟು ತೆಗೆಯಿರಿ ಎಂದು ಮೆಲ್ಲಗೆ ಕೇಳಿಕೊಂಡರು. ಅವರ ಕೈ ನಡುಗುತ್ತಿತ್ತು. ತಕ್ಷಣ ತೆಗೆದೆವು. ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನೂ ಅಳಿಸಿ ನೆಗೆಟಿವ್ ಅನ್ನು ಅವರಿಗೇ ಕೊಟ್ಟೆವು. ಅಷ್ಟು ಒಳ್ಳೆಯ ಚಿತ್ರ ಹೋಯಿತಲ್ಲ ಎಂದು ನಮ್ಮಲ್ಲಿ ಒಬ್ಬರು ಮರುಗಿದರು. ನನಗೆ ಹಾಗೆ ಅನ್ನಿಸಲಿಲ್ಲ. ಫೋಟೊ ಯಾರ ಬಳಿ ಇದೆಯೋ ಅವರ ಒಪ್ಪಿಗೆಯನ್ನು ಪಡೆಯುತ್ತಿದ್ದೆವು, ಫೋಟೊದಲ್ಲಿ ಯಾರಿದ್ದಾರೋ ಅವರನ್ನು ಕೇಳಿರಲಿಲ್ಲ. ಆ ದಿನದಿಂದ ಒಪ್ಪಿಗೆ ಪತ್ರದಲ್ಲಿ ಎರಡು ಸಹಿಗಳಿಗೆ ಜಾಗವಿದೆ. ಜೊತೆಗೆ, ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು ಎಂಬ ಸಾಲೂ ಇದೆ.

ಅಜ್ಜಿಯ ಧ್ವನಿಯನ್ನು ಒಂದು ಸಣ್ಣ ಸ್ಪೀಕರಿನಲ್ಲಿ ಹಾಕಿದ್ದೆವು. ಮೇಷ್ಟ್ರು ಹೆದರಿದ್ದಂತೆ ಊರು ಎರಡಾಗಲಿಲ್ಲ. ಆದರೆ ಏನೂ ಆಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಇಬ್ಬರು ಹಿರಿಯರು ಎದ್ದು ಹೋದರು. ಒಂದು ಮನೆಯವರು ತಮ್ಮ ಫೋಟೊಗಳನ್ನು ಹಿಂದಕ್ಕೆ ಪಡೆದರು. ಕತ್ತಲಾಗುವ ಹೊತ್ತಿಗೆ ಪೇಟೆಯ ಒಬ್ಬ ಅಜ್ಜಿ, ಕೇರಿಯ ಅಜ್ಜಿಯದೇ ವಯಸ್ಸಿನವರು, ಸ್ಪೀಕರಿನ ಬಳಿ ಬಹಳ ಹೊತ್ತು ಕುಳಿತಿದ್ದರು. ಆಮೇಲೆ ನಮ್ಮ ಹುಡುಗಿಯರನ್ನು ಕರೆದು, ‘ನನ್ನದೂ ಬರೆದುಕೋ. ಹೊಯ್ಯುತ್ತಿದ್ದವಳು ನಾನು. ಮೇಲಿನಿಂದ ಹೊಯ್ಯುತ್ತಿದ್ದೆ. ಅತ್ತೆ ನೋಡುತ್ತಿದ್ದಾರೆಂದು ಒಮ್ಮೊಮ್ಮೆ ಹೊಯ್ಯದೆಯೂ ಬಂದಿದ್ದೇನೆ’ ಎಂದರು. ಇಷ್ಟು ದಿನದ ಕೆಲಸದಲ್ಲಿ ನಮಗೆ ಸಿಕ್ಕ ಅತ್ಯಂತ ಬೆಲೆಬಾಳುವ ದಾಖಲೆ ಇದು ಎಂದು ನಾನು ನಂಬಿದ್ದೇನೆ. ಕಾದವರ ಮಾತನ್ನು ಮುಚ್ಚಿಟ್ಟಿದ್ದರೆ ಹೊಯ್ದವರ ಮಾತು ಎಂದಿಗೂ ಬರುತ್ತಿರಲಿಲ್ಲ.

ಏನಾಯಿತು

ಪೇಟೆ ಬೀದಿ ಅಗಲವಾಯಿತು. ಒಂದು ಮಾಳಿಗೆ ಮನೆಯನ್ನು ಮಾತ್ರ ಕೆಡವುವ ಮೊದಲು ಕಂಬ, ತೊಲೆ, ಗವಾಕ್ಷಿ ಸಮೇತ ಅಳತೆ ತೆಗೆದು ಬರೆದಿಟ್ಟುಕೊಂಡೆವು. ಮಿಕ್ಕ ಮನೆಗಳಿಗೆ ತಲುಪುವಷ್ಟರಲ್ಲಿ ಯಂತ್ರಗಳು ಮುಂದೆ ಹೋಗಿದ್ದವು. ಫೋಟೊಗಾಗಿ ಕಳೆದ ಆ ಆರು ತಿಂಗಳನ್ನು ಅಳತೆಗೆ ಕೊಟ್ಟಿದ್ದರೆ ಇನ್ನೂ ನಾಲ್ಕೈದು ಮನೆಗಳ ನಕ್ಷೆ ಉಳಿಯುತ್ತಿತ್ತು. ಒಡೆಯುವ ದಿನ ಗೊತ್ತಿರುವುದನ್ನು ಮೊದಲು ಹಿಡಿಯಬೇಕು. ಪೆಟ್ಟಿಗೆಯಲ್ಲಿರುವ ಫೋಟೊ ಸ್ವಲ್ಪ ದಿನ ಕಾಯುತ್ತದೆ. ಇಂಥ ಕೆಲಸ ಆರಂಭಿಸುವವರು ಮೊದಲ ವಾರದಲ್ಲೇ ಈ ಲೆಕ್ಕ ಹಾಕಿಕೊಳ್ಳಲಿ.

ಮಳಿಗೆಗಳ ಪ್ರಸ್ತಾವವನ್ನು ಕೈಬಿಟ್ಟರು. ಅದಕ್ಕೆ ‘ಬ’ ಖರಾಬಿನ ದಾಖಲೆ ಮುಖ್ಯ ಕಾರಣ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ದಾಖಲೆಯನ್ನು ಹುಡುಕುವ ಹಾಗೆ ಮಾಡಿದ್ದು ಗಾಡಿ ತಿರುಗುತ್ತಿದ್ದ ಬಯಲಿನ ನೆನಪು. ಹೂಳೆತ್ತುವ ಕೆಲಸಕ್ಕೆ ಪೇಟೆಯವರೂ ಕೇರಿಯವರೂ ಬಂದರು. ಮಳಿಗೆ ಬೇಕು ಎಂದಿದ್ದ ಮಹಿಳೆ ಬರಲಿಲ್ಲ, ಅವರ ಮಗ ಬಂದಿದ್ದ. ಫೋಟೊ ಮತ್ತು ಧ್ವನಿಗಳನ್ನು ಈಗ ಮೂರು ಕಡೆ ಇಟ್ಟಿದ್ದೇವೆ: ಗ್ರಂಥಾಲಯದ ಕಂಪ್ಯೂಟರಿನಲ್ಲಿ, ಬೇರೊಂದು ಊರಿನಲ್ಲಿರುವ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಪ್ರತಿ ಆನ್‌ಲೈನ್‌ನಲ್ಲಿ.

ಕಲ್ಯಾಣಿಯ ಬಳಿ ಒಂದು ಫಲಕ ಹಾಕಬೇಕೆಂದು ತೀರ್ಮಾನವಾದಾಗ ಒಕ್ಕಣೆ ಬರೆಯುವ ಹೊಣೆ ನನ್ನ ಮೇಲೆ ಬಂತು. ‘ತಲೆಮಾರುಗಳ ಕಾಲ ಊರಿನ ಎಲ್ಲರ ದಾಹ ತಣಿಸಿದ ಕಲ್ಯಾಣಿ’ ಎಂದು ಆರಂಭಿಸಿದ್ದೆ. ಅಷ್ಟೆಲ್ಲ ಆದ ಮೇಲೂ ಕೈ ಹಾಗೆಯೇ ಬರೆದಿತ್ತು. ಕರಡನ್ನು ಓದಿದ ಅಜ್ಜಿಯ ಮೊಮ್ಮಗಳು, ಪದವಿ ಎರಡನೆಯ ವರ್ಷದಲ್ಲಿದ್ದವಳು, ಒಂದೇ ಪದದ ಕೆಳಗೆ ಗೆರೆ ಎಳೆದು ಹಿಂದಿರುಗಿಸಿದಳು. ‘ಎಲ್ಲರ’ ಎಂಬ ಪದ. ನಾಲ್ಕು ಕರಡುಗಳಾದ ಮೇಲೆ ಹೀಗೆ ನಿಂತಿತು: ‘ಈ ಮೆಟ್ಟಿಲುಗಳನ್ನು ಊರಿನ ಕೆಲವರು ಇಳಿದರು. ಕೆಲವರಿಗೆ ಇಳಿಯಲು ಬಿಡಲಿಲ್ಲ. ಅವರು ದಂಡೆಯ ಚಪ್ಪಡಿಯ ಬಳಿ ನಿಂತು ನೀರಿಗಾಗಿ ಕಾದರು. ನಯಾ ಪೈಸೆ ಬಂದ ಮೇಲೂ ಕಾದರು.’ ಕೊನೆಯ ವಾಕ್ಯ ಮೊಮ್ಮಗಳದು. ಅಧಿಕೃತವಾಗಿ ಈ ಒಕ್ಕಣೆಗೆ ಒಪ್ಪಿಗೆ ಸಿಗಲಿಲ್ಲ. ಫಲಕ ಸದ್ಯ ಗ್ರಂಥಾಲಯದ ಗೋಡೆಯ ಮೇಲಿದೆ.

ಅಜ್ಜಿ ಫಲಕವನ್ನು ನೋಡಲಿಲ್ಲ. ಹೂಳೆತ್ತಿದ ವರ್ಷದ ಚಳಿಗಾಲದಲ್ಲಿ ತೀರಿಕೊಂಡರು. ಧ್ವನಿಮುದ್ರಣದ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಮನೆಯವರಿಗೆ ಕೊಟ್ಟಿದ್ದೇವೆ.

ಹೂಳೆತ್ತುವಾಗ ದಂಡೆಯ ಮಣ್ಣಿನಡಿಯಲ್ಲಿ ಚಪ್ಪಡಿ ಕಲ್ಲು ಸಿಕ್ಕಿತು. ಅಜ್ಜಿ ಕಾಲಿನಿಂದ ತೋರಿಸಿದ ದಿಕ್ಕಿನಲ್ಲೇ, ಹೆಚ್ಚು ಕಡಿಮೆ ಅದೇ ದೂರದಲ್ಲಿ ಇತ್ತು. ಆ ಬಳಿಕ ಕಲ್ಯಾಣಿಗೆ ತಂತಿ ಬೇಲಿ ಹಾಕಿದ್ದಾರೆ. ಬೇಲಿ ಮೆಟ್ಟಿಲುಗಳ ಅಂಚಿಗೆ ಮುಗಿಯುತ್ತದೆ, ಚಪ್ಪಡಿ ಅದರ ಹೊರಗೆ ಉಳಿದಿದೆ. ಸಂತೆಯ ದಿನ ಅದರ ಮೇಲೆ ಈರುಳ್ಳಿ ಚೀಲಗಳನ್ನು ಇಳಿಸುತ್ತಾರೆ. ಬೇಲಿಯನ್ನು ಎಂಟು ಅಡಿ ಆಚೆಗೆ ಸರಿಸಬೇಕೆಂದು, ಸರ್ವೆ ನಕ್ಷೆಯ ಪ್ರತಿ ಮತ್ತು ಇಬ್ಬರು ಅಜ್ಜಿಯರ ಹೇಳಿಕೆ ಸೇರಿಸಿ ಅರ್ಜಿ ಕೊಟ್ಟಿದ್ದೇವೆ. ಅರ್ಜಿಗೆ ಮೊದಲ ಸಹಿ ಮೊಮ್ಮಗಳದು, ಎರಡನೆಯದು ಮೇಷ್ಟ್ರದು.